ಬಾಯ್ಲರ್ ಇನ್‌ಸ್ಪೆಕ್ಷನ್ ದಿನ

ಕಾರ್ಕಳದ ಕಡೆ ಕುಚ್ಚಲಕ್ಕಿ ಮಿಲ್ಲಲ್ಲಿ ಸೂಪರ್‌ವೈಸರ್ ಆದವನಿಗೆ ಬಾಯ್ಲರ್ ಇನ್‌ಸ್ಪೆಕ್ಷನ್ ತಪ್ಪಿದ್ದಲ್ಲ. ಭತ್ತ ಬೇಯಿಸಲು ಹಬೆ ಬೇಕು, ಬಾಯ್ಲರ್ ಉರಿಸಲು ಸರಕಾರದ ಸರ್ಟಿಫಿಕೇಟ್ ಬೇಕು. ನಮ್ಮಂಥ ಬಾಯ್ಲರ್‌ಗೆ ಅದು ಹೆಚ್ಚೆಂದರೆ ಒಂದು ವರ್ಷಕ್ಕೆ. 1923ರ ಕಾಯ್ದೆ ಹೋಗಿ 2025ರಲ್ಲಿ ಹೊಸದು ಬಂತು, ಆದರೂ ತಪಾಸಣೆ ತಪ್ಪಲಿಲ್ಲ.

"ಇಷ್ಟು ಭತ್ತ ಬಿದ್ದಿರುವಾಗ ಬೆಂಕಿ ಆರಿಸ್ಬೇಕಾ ಮಾರಾಯ?" ಅಂತ ಧಣಿಗಳು ಗೊಣಗಿದರು. ಆರಿಸಲೇಬೇಕು. ಅದು ತಾನಾಗಿ ತಣಿಯಬೇಕು, ನೀರು ಖಾಲಿ ಮಾಡಬೇಕು, ಉಮಿಯ ಬೂದಿ ಮಸಿ ಎಲ್ಲ ಕೆರೆದು ತೆಗೆಯಬೇಕು. ಬಾಯ್ಲರಿನ ಒಳಗೆ ನೋಡುವ ಕಿಂಡಿಯ, ಅಂದರೆ ಮ್ಯಾನ್‌ಹೋಲಿನ ಮುಚ್ಚಳ, ಒತ್ತಡ ಮೀರಿದರೆ ಹಬೆ ಹೊರಬಿಡುವ ಸೇಫ್ಟಿ ವಾಲ್ವ್ ಬಿಚ್ಚಿ ಇಡಬೇಕು. ಅಟೆಂಡೆಂಟ್ ಅಣ್ಣನ ಮುಖ ಸಂಜೆಗೆ ಇದ್ದಿಲಿನಂತಾಗಿತ್ತು.

ಇನ್‌ಸ್ಪೆಕ್ಟರ್ ಬಂದವರು ಫೈಲ್ ಕೇಳಲೇ ಇಲ್ಲ. ಟಾರ್ಚ್ ಹಿಡಿದು ಮ್ಯಾನ್‌ಹೋಲಿಗೆ ತಲೆ ಹಾಕಿದರು. ಬಿಸಿ ಹೊಗೆ ಹಾಯುವ ಟ್ಯೂಬಿನ ಮೇಲಿನ ಬಿಳಿ ಪದರವನ್ನು ಉಗುರಲ್ಲಿ ಕೆರೆದು, "ಸಾಫ್ಟ್‌ನರ್‌ಗೆ ಉಪ್ಪು ಹಾಕ್ತೀರಲ್ವಾ?" ಅಂದರು. ಸಾಫ್ಟ್‌ನರ್ ತೆಗೆಯಬೇಕಾದ ನೀರಿನ ಗಡಸು ಅಲ್ಲೇ ಕೂತರೆ ಟ್ಯೂಬಿನ ಶಾಖ ನೀರಿಗೆ ಇಳಿಯುವುದಿಲ್ಲ, ಕಬ್ಬಿಣವೇ ಕಾದು ಸೋಲುತ್ತದೆ.

ಆಮೇಲೆ ಎಲ್ಲ ಮುಚ್ಚಿ, ಗಾಳಿ ಉಳಿಯದಂತೆ ನೀರು ತುಂಬಿ ಕೈಪಂಪಿನಿಂದ ಒತ್ತಡ ಏರಿಸಿದೆವು. ಹಬೆಯಲ್ಲೇ ಪರೀಕ್ಷೆ ಮಾಡಿದರೆ ಆಗದಾ ಅಂತ ಹೊಸ ಹುಡುಗರು ಕೇಳುವುದುಂಟು. ಒಡೆದರೆ ಹಬೆ ಸಿಡಿದು ಹರಡುತ್ತದೆ, ನೀರು ಸುಮ್ನೆ ಸೋರುತ್ತದೆ. ನಮ್ಮ ಬಾಯ್ಲರಿನ ಕೆಲಸದ ಒತ್ತಡ ಚದರ ಸೆಂಟಿಮೀಟರಿಗೆ 10.5 ಕೆಜಿ. ಮೀಟರಿನ ಕೆಂಪು ಗೆರೆ ಅಲ್ಲೇ ಇದೆ. ಪರೀಕ್ಷೆಗೆಂದು ಒತ್ತಡ ಏರಿಸಿ ಮುಳ್ಳು ಅದನ್ನು ದಾಟಿ 13ರ ಮೇಲೆ ಹೋದಾಗ ಯಾರೂ ಮಾತಾಡಲಿಲ್ಲ.

ಮುಂದಿನ ಹೊಗೆ ಬಾಗಿಲು ತೆರೆದೇ ಇತ್ತು. ಒಂದು ಟ್ಯೂಬಿನ ತುದಿಯಲ್ಲಿ ಹನಿ ಕಂಡಿತು. ಇನ್‌ಸ್ಪೆಕ್ಟರ್ ವೇಸ್ಟ್ ಬಟ್ಟೆಯಲ್ಲಿ ಒರೆಸಿದರು. ಮತ್ತೆ ಮೂಡಿತು. "ಇಷ್ಟೇ ಅಲ್ವಾ ಸರ್?" ಅಂದರು ಧಣಿಗಳು. ಇನ್‌ಸ್ಪೆಕ್ಟರ್ ಉತ್ತರ ಕೊಡದೆ ಪಂಪ್ ಇಳಿಸಲು ಸನ್ನೆ ಮಾಡಿದರು. ಫಿಟ್ಟರ್ ಬಂದು ಟ್ಯೂಬನ್ನು ಒಳಗಿಂದ ಹಿಗ್ಗಿಸುವ ಎಕ್ಸ್‌ಪಾಂಡರ್ ತಿರುಗಿಸಿ ಆ ತುದಿ ಬಿಗಿ ಮಾಡಿದ. ಮತ್ತೆ ಒತ್ತಡ ಏರಿಸಿದಾಗ ಒಣಗೇ ಇತ್ತು.

ನನಗೆ ಈ ಕಾನೂನು ಇಷ್ಟವಾಗುವುದು ಇಲ್ಲಿಯೇ. ಅದಿಲ್ಲದಿದ್ದರೆ ಯಾವ ಮಿಲ್ಲಿನವರೂ ಸೀಸನ್ ನಡುವೆ ಬೆಂಕಿ ಆರಿಸಿ ಒಳಗೆ ಇಣುಕುವುದಿಲ್ಲ, ನಾವೂ ಸೇರಿ. ಸೇಫ್ಟಿ ವಾಲ್ವನ್ನು ಕೆಲಸ ಮಾಡದಂತೆ ಕಟ್ಟಿಹಾಕಿದರೆ ಜೈಲೂ ಆಗಬಹುದು. ಅದೂ ಸರಿಯೇ.

ಹೊರಡುವಾಗ ಇನ್‌ಸ್ಪೆಕ್ಟರ್ ತಾತ್ಕಾಲಿಕ ಆದೇಶ ಕೊಟ್ಟರು, ಸರ್ಟಿಫಿಕೇಟ್ ಬರುವವರೆಗೆ ಉರಿಸಬಹುದು. ಧಣಿಗಳು ಬಣ್ಣ ನೋಡಿ ಅಕ್ಕಿ ಬೇರ್ಪಡಿಸುವ ಮೆಷಿನ್ನಿನ ಒತ್ತಡದ ಗಾಳಿ ಟ್ಯಾಂಕ್ ತೋರಿಸಿ, "ಇದಕ್ಕೂ ಒಂದು ಸೈನ್ ಹಾಕಿ ಸರ್" ಅಂದರು. "ಅದು ಬಾಯ್ಲರ್ ಅಲ್ಲ, ಕಾರ್ಖಾನೆ ಸುರಕ್ಷತೆಯ ಕಾನೂನಿಗೆ ಬರ್ತದೆ. ಅದನ್ನು ನೋಡುವ ಮಾನ್ಯತೆ ಪಡೆದವರು ಬೇರೆ ಇದ್ದಾರೆ" ಅಂದರು. ಧಣಿಗಳು ನನ್ನ ಕಡೆ ತಿರುಗಿ, "ಹಾಗಾದ್ರೆ ಅವರನ್ನೂ ಕರೀ" ಅಂದರು.