ತಾತ ಯಾರಿಗೆ ಹೇಳ್ತಿದ್ರು?

"ತಾತನ ಲಾರಿ ಕೆಟ್ಟಿದ್ರೆ ತಾತ ಯಾರಿಗೆ ಹೇಳ್ತಿದ್ರು ಅಪ್ಪಾ?" ಮೊನ್ನೆ ಮಗಳು ಫೋನಿನಲ್ಲಿ ಕೇಳಿದ ಮಾತು ಇನ್ನೂ ತಲೆಯಲ್ಲೇ ಇದೆ.

ನಾನು ಅಮೆರಿಕದಲ್ಲಿ ಟ್ರಕ್ ಓಡಿಸುತ್ತೇನೆ. ಮನೆಗೆ ಬರೋದು ತಡವಾಗುತ್ತೆ ಅಂತ ಹೇಳಲು ಫೋನ್ ಮಾಡಿದ್ದೆ. ಹೊರಡುವ ಮುಂಚಿನ ತಪಾಸಣೆಯಲ್ಲಿ ಟ್ರೇಲರ್ ಕೈಕೊಟ್ಟಿತ್ತು. ಈ ಗಾಡಿಗಳ ಬ್ರೇಕ್ ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತೆ. ಎಂಜಿನ್ ಆಫ್ ಮಾಡಿ ಬ್ರೇಕ್ ತುಳಿದು ಹಿಡಿದರೆ, ಟ್ರೇಲರ್ ಕಟ್ಟಿದ ಗಾಡಿಯಲ್ಲಿ ಒಂದು ನಿಮಿಷಕ್ಕೆ 4 ಪಿಎಸ್‌ಐ (ಒತ್ತಡದ ಅಳತೆ) ಗಿಂತ ಜಾಸ್ತಿ ಗಾಳಿ ಇಳಿಯಬಾರದು. ಮೀಟರಿನ ಮುಳ್ಳು ಸರಸರ ಇಳಿಯಿತು. ಟ್ರೇಲರ್ ಬ್ರೇಕಿನ ಹಿಡಿಕೆ ಎಳೆದಿಟ್ಟು, ಕೆಳಗೆ ಬಗ್ಗಿ ಕಿವಿಗೊಟ್ಟೆ. ಹಿಂದಿನ ಆಕ್ಸಲ್‌ನ ಬ್ರೇಕ್ ಚೇಂಬರಿನಿಂದ, ಅಂದ್ರೆ ಗಾಳಿ ತುಂಬಿ ಬ್ರೇಕ್ ಹಿಡಿಸುವ ಡಬ್ಬಿಯಿಂದ, ಸುಯ್ ಅಂತ ಸದ್ದು. "ಇದನ್ನ ನಾನು ಒಯ್ಯಲ್ಲ" ಅಂತ ಆಫೀಸಿಗೆ ಹೇಳಿದೆ. "ಸರಿ, ಮೆಕ್ಯಾನಿಕ್ ಕಳಿಸ್ತೀನಿ" ಅಂದರು. ಅಷ್ಟೇ.

ಗಾಡಿ ಸರಿಯಿದೆ ಅಂತ ಡ್ರೈವರಿಗೇ ಖಾತ್ರಿಯಾಗದೆ ಹೊರಡುವ ಹಾಗಿಲ್ಲ, ಇದು ಇಲ್ಲಿನ ನಿಯಮ. ಕೆಟ್ಟ ಗಾಡಿ ಓಡಿಸಲ್ಲ ಅಂದವನನ್ನು ಕೆಲಸದಿಂದ ತೆಗೆಯಬಾರದು ಅಂತ 1982ರ ಕಾಯ್ದೆಯೇ ಇದೆ. ಒತ್ತಡ ಹಾಕುವ ಕಂಪನಿಗಳು ಇಲ್ಲೂ ಇಲ್ಲದಿಲ್ಲ. ಆದರೆ ಡ್ರೈವರ್ ಬೆನ್ನಿಗೆ ಕಾನೂನಿದೆ.

ಅಪ್ಪನಿಗೆ ಗಾಡಿಯ ವಿಷಯ ನನಗಿಂತ ಚೆನ್ನಾಗಿ ಗೊತ್ತಿತ್ತು. ಹೊರಡುವ ಮುಂಚೆ ಜಾಕಿ ರಾಡ್ ಹಿಡಿದು ಒಂದೊಂದೇ ಟೈರ್ ಬಡಿಯುತ್ತಾ ಸುತ್ತು ಹಾಕುತ್ತಿದ್ದರು. ಜೋಡಿ ಟೈರಿನಲ್ಲಿ ಒಳಗಿನದು ಸರಿಯಾಗಿ ಕಣ್ಣಿಗೆ ಬೀಳಲ್ಲ ಅಲ್ವಾ, ಗಾಳಿ ಕಮ್ಮಿಯಾಗಿದ್ದರೆ ಸದ್ದೇ ಹೇಳುತ್ತೆ. ವೀಲ್ ನಟ್ ಸುತ್ತ ತುಕ್ಕಿನ ಗೆರೆ ಕಂಡರೆ ನಟ್ ಸಡಿಲವಾಗಿರಬಹುದು, ಬಿಗಿ ಮಾಡು ಅಂತ ಕ್ಲೀನರ್ ಹುಡುಗನಿಗೆ ಹೇಳಿಕೊಡುತ್ತಿದ್ದರು. ಇಲ್ಲಿ ತರಬೇತಿಯಲ್ಲಿ ಅದನ್ನೇ ಕಲಿಸಿದಾಗ ನನ್ನ ಎದೆ ಉಬ್ಬಿತ್ತು.

ಆದರೆ "ಬ್ರೇಕ್ ಲೈನರ್ ಸವೆದಿದೆ" ಅಂದರೆ ಓನರ್ ಉತ್ತರ ಒಂದೇ: "ಈ ಟ್ರಿಪ್ ಮುಗಿಸ್ಕೊಂಡು ಬಾ, ಆಮೇಲೆ ನೋಡೋಣ." ಜಾಸ್ತಿ ಮಾತಾಡಿದರೆ ಸ್ಟೇರಿಂಗ್ ಹಿಡಿಯೋಕೆ ಇನ್ನೊಬ್ಬ ಸಿದ್ಧ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನೋ ಸರ್ಟಿಫಿಕೇಟ್) ತಪಾಸಣೆಯ ದಿನ ಮಾತ್ರ ಎಲ್ಲಿಂದಲೋ ಒಳ್ಳೆ ಟೈರ್ ಬರುತ್ತಿದ್ದವು, ಮರುದಿನ ವಾಪಸ್. ಬ್ರೇಕ್ ನಂಬದೆ ಇಡೀ ಘಾಟಿಯನ್ನು ಎರಡನೇ ಗೇರಿನಲ್ಲೇ ಇಳಿಸಿದ ರಾತ್ರಿಗಳನ್ನು ಅಪ್ಪ ಅಮ್ಮನಿಗೆ ಮಾತ್ರ ಹೇಳಿದ್ದರು. ಅವರು ಹೋದ ಮೇಲೆ ಅಮ್ಮ ನನಗೆ ಹೇಳಿದರು.

ಚಿಕ್ಕಪ್ಪನ ಮಗ ಈಗಲೂ ಊರಲ್ಲಿ ಲಾರಿ ಓಡಿಸುತ್ತಾನೆ. ಅವನಿಗೂ ಅದೇ ಉತ್ತರ ಸಿಗುತ್ತಿದೆಯಂತೆ. ಗಾಡಿ ಇಟ್ಟಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಡ್ರೈವರ್ ಬಂದು ಬ್ರೇಕ್ ಸರಿಯಿಲ್ಲ ಅಂದ ದಿನ ದಯವಿಟ್ಟು ಗಾಡಿ ನಿಲ್ಲಿಸಿ. ಸುಮ್ನೆ ನೆಪ ಹೇಳ್ತಿದ್ದಾನೆ ಅಂದುಕೊಳ್ಳಬೇಡಿ.