ಮುರಕಲ್ಲಿನ ಮನೆಗೆ ಎಂಥ ರೂಟರ್?

ನಮ್ಮ ಮನೆ ಉಡುಪಿ ಹತ್ತಿರ, ಹಿರಿಯಡಕದಿಂದ ಸ್ವಲ್ಪ ಒಳಗೆ. ಅಪ್ಪ ಕಟ್ಟಿಸಿದ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ. ಬೇಸಿಗೆಯಲ್ಲಿ ಒಳಗೆ ತಂಪು ತಂಪು. ವೈಫೈ ಮಾತ್ರ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತು.

ಅಮ್ಮನಿಗೆ ಮಂಡಿನೋವು. ದಿನಾ ಎರಡು ಸಲ ಪಂಪ್ ಶೆಡ್ಡಿಗೆ ಇಳಿದು ಹತ್ತುವುದು ಬೇಡ ಅಂತ ಬಾವಿ ಪಂಪಿಗೆ ವೈಫೈ ಸ್ವಿಚ್ ತಂದೆ. ಜೊತೆಗೆ ಆರು ಆಂಟೆನಾದ ಹೊಸ ರೂಟರ್. "ಇದು ತೋಟದ ತನಕ ಹೋಗ್ತದೆ ಸರ್" ಅಂದಿದ್ದ ಅಂಗಡಿಯ ಹುಡುಗ. ತೋಟ ಬಿಡಿ, ಅಡುಗೆಮನೆಯಲ್ಲೇ ಒಂದು ಕಡ್ಡಿ!

ಅದಕ್ಕಿಂತ ಮೊದಲು ಸ್ವಿಚ್ ರೂಟರಿಗೆ ಸೇರಲೇ ಇಲ್ಲ. ಎರಡನ್ನೂ ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರೂ ಇಲ್ಲ. ಕೊನೆಗೆ ಸ್ವಿಚ್ಚಿನ ಡಬ್ಬಿ ತಿರುಗಿಸಿ ನೋಡಿದರೆ ಇರುವೆ ಗಾತ್ರದ ಅಕ್ಷರ: 2.4 ಗಿಗಾಹರ್ಟ್ಜ್ ಮಾತ್ರ. ಇಂಥ ಪ್ಲಗ್ಗು, ಬಲ್ಬು ಹೆಚ್ಚಿನವು ಹಾಗೇ. ನಮ್ಮ ರೂಟರ್ 2.4, 5 ಎರಡೂ ಬ್ಯಾಂಡಿಗೆ, ಅಂದರೆ ರೇಡಿಯೋ ತರಂಗದ ಎರಡೂ ಪಟ್ಟಿಗೆ, ಒಂದೇ ಹೆಸರಿಟ್ಟುಕೊಂಡು, ಬರೀ ಡಬ್ಲ್ಯುಪಿಎ3 ಎಂಬ ಹೊಸ ಭದ್ರತಾ ಕ್ರಮ ಹಾಕಿಕೊಂಡು ಕೂತಿತ್ತು. 2.4ಕ್ಕೆ ಬೇರೆ ಹೆಸರು ಕೊಟ್ಟು, ಅದನ್ನು ಸ್ವಿಚ್ಚಿಗೆ ಗೊತ್ತಿರುವ ಹಳೆಯ ಡಬ್ಲ್ಯುಪಿಎ2ಗೆ ಇಳಿಸಿದೆ. ನಿಮಿಷದಲ್ಲಿ ಸೇರಿತು. ಅಂದರೆ ಕೊಳ್ಳುವಾಗ ಕೇಳಬೇಕಾದದ್ದು ಸ್ಪೀಡ್ ಅಲ್ಲ, ಹೀಗೆ ಬೇರೆ ಮಾಡಲು ಬಿಡ್ತದಾ ಅಂತ. ರೂಟರಿನ ಡಬ್ಬಿ ಮೇಲಿನ 3000 ಎಂಬಿಪಿಎಸ್ ಹೇಗೂ ಎರಡೂ ಬ್ಯಾಂಡ್ ಕೂಡಿಸಿದ ಲೆಕ್ಕ, ಅದರಲ್ಲಿ 2.4ರ ಪಾಲು 574. ಪಂಪಿಗೆ ಅಷ್ಟೂ ಬೇಡ.

ಇನ್ನು ದೂರ. ಶೆಡ್ಡಿನಲ್ಲಿ ಸಿಗ್ನಲ್ ಅಳೆಯುವ ಮೊಬೈಲ್ ಆ್ಯಪ್ ಮೈನಸ್ 86 ಡಿಬಿಎಂ ತೋರಿಸಿತು. ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ. ಮೈನಸ್ 70ರ ಆಸುಪಾಸು ಇದ್ದರೆ ಧೈರ್ಯ. "ಶೆಡ್ಡಿಗೇ ಕೇಬಲ್ ಎಳೆಯುವಾ" ಅಂದರು ಎಲೆಕ್ಟ್ರಿಷಿಯನ್. ನಾನು ಒಪ್ಪಲಿಲ್ಲ. ನಮ್ಮಲ್ಲಿ ಮಳೆ ಹಿಡಿಯುವ ಮೊದಲು ಬರುವ ಸಿಡಿಲು ಗೊತ್ತಲ್ಲ, ಹೊರಗೆ ಉದ್ದಕ್ಕೆ ಎಳೆದ ತಾಮ್ರದ ತಂತಿ ಅದನ್ನು ಮನೆಯೊಳಗೆ ಕರೆದ ಹಾಗೆ. ಅಟ್ಟದಲ್ಲಿದ್ದ ಹಳೇ ರೂಟರನ್ನು ಆಕ್ಸೆಸ್ ಪಾಯಿಂಟ್ (ಕೇಬಲಿನಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹಂಚುವ ಪೆಟ್ಟಿಗೆ) ಮಾಡಿ, ಒಳಗಿಂದಲೇ ಕೇಬಲ್ ತಂದು ತೋಟದ ಕಡೆಯ ಕಿಟಕಿಯಲ್ಲಿಟ್ಟೆ. ಅಲ್ಲಿ ಗೋಡೆಯ ಅಡ್ಡವೇ ಇಲ್ಲ. ಮೈನಸ್ 67! ಮಳೆಗಾಲದಲ್ಲಿ ಒದ್ದೆ ಎಲೆಗಳ ನಡುವೆ ಮೈನಸ್ 74ರವರೆಗೆ ಇಳಿಯುತ್ತದೆ, ಆದರೂ ಕೆಲಸ ನಿಂತಿಲ್ಲ.

ಭಾವನ ಅಡಿಕೆ ತೋಟ ದೊಡ್ಡದು, ಅಲ್ಲಿ ಈ ಆಟ ನಡೆಯುವುದಿಲ್ಲ. ಮಣ್ಣಿನ ತೇವ ನೋಡುವ ಸೆನ್ಸರುಗಳಿಗೆ ಲೋರಾ ಎಂಬ ದೂರಗಾಮಿ ರೇಡಿಯೋದ ಗೇಟ್‌ವೇ (ಸೆನ್ಸರುಗಳ ಮಾಹಿತಿ ಹಿಡಿದು ಇಂಟರ್ನೆಟ್ಟಿಗೆ ದಾಟಿಸುವ ಪೆಟ್ಟಿಗೆ) ತೆಗೆದುಕೊಳ್ಳಲು ಹೇಳಿದ್ದೇನೆ. ಡೇಟಾ ಚಿಟಿಕೆಯಷ್ಟು, ಹೋಗುವ ದೂರ ಜಾಸ್ತಿ. 865–868 ಮೆಗಾಹರ್ಟ್ಜ್‌ನದ್ದೇ ಆಗಬೇಕು, ಇಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು ಅದು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ 915ರದ್ದು ಅಮೆರಿಕದ ಲೆಕ್ಕದ್ದು.

ರೂಟರಿಗೊಂದು 12 ವೋಲ್ಟಿನ ಪುಟ್ಟ ಯುಪಿಎಸ್ ಕೂಡ ತಂದೆ. "ಕರೆಂಟ್ ಇಲ್ಲದಾಗ ಪಂಪೇ ಓಡುದಿಲ್ಲ, ಮತ್ತೆ ಇದೆಂಥಕ್ಕೆ?" ಅಂತ ಅಮ್ಮ ಕೇಳಿದರು. ಸುಮ್ನೆ ನಕ್ಕೆ.

ಈಗ ಅಮ್ಮ ಅಡುಗೆಮನೆಯಿಂದಲೇ ಮೊಬೈಲಿನಲ್ಲಿ ಪಂಪ್ ಹಾಕುತ್ತಾರೆ. ಹಾಕಿ, ನಿಜವಾಗಿಯೂ ಓಡ್ತಾ ಉಂಟಾ ಅಂತ ನೋಡಲು ಶೆಡ್ಡಿಗೆ ಹೋಗಿಬರುತ್ತಾರೆ.