ಯುಎಫ್‌ಡಬ್ಲ್ಯೂ ಕಣ್ಣಿಗೆ ಬೀಳದ ಡಾಕರ್ ಪೋರ್ಟ್

ಉಬುಂಟು ಸರ್ವರ್‌ನಲ್ಲಿ ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಆನ್ ಮಾಡುವ ಮುಂಚೆ, ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ 22ನೇ ಪೋರ್ಟ್‌ಗೆ ಅನುಮತಿ ಕೊಡಬೇಕು, ಇಲ್ಲದಿದ್ದರೆ ನೀವೇ ಹೊರಗುಳಿಯುತ್ತೀರಿ. ಇದು ಎಲ್ಲರಿಗೂ ಗೊತ್ತು. ಸದ್ದಿಲ್ಲದೆ ಕೈಕೊಡುವುದು ಡಾಕರ್, ಅಂದರೆ ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ.

ಡಾಕರ್‌ನ ಸೆಟ್ಟಿಂಗ್ ಬರೆಯುವ ಕಂಪೋಸ್ ಫೈಲಿನ ಪೋರ್ಟ್ ಸಾಲಿನಲ್ಲಿ "5432:5432" ಅಂತ ಬರೆದರೆ, ಯುಎಫ್‌ಡಬ್ಲ್ಯೂನಲ್ಲಿ ಮುಚ್ಚಿದ್ದರೂ ಪೋಸ್ಟ್‌ಗ್ರೆಸ್ ಡೇಟಾಬೇಸ್ ಹೊರಜಗತ್ತಿಗೆ ತೆರೆದಿರುತ್ತದೆ. ಡಾಕರ್ ಪ್ಯಾಕೆಟ್‌ನ ವಿಳಾಸವನ್ನು ಮೊದಲೇ ಕಂಟೇನರ್‌ನದಕ್ಕೆ ಬದಲಿಸುವುದರಿಂದ ಅದು ಫಾರ್ವರ್ಡ್ ಸರಪಳಿಯಲ್ಲಿ (ಬೇರೆಡೆಗೆ ಸಾಗುವ ಪ್ಯಾಕೆಟ್‌ಗಳ ನಿಯಮಪಟ್ಟಿ) ದಾಟಿಹೋಗುತ್ತದೆ; ನೀವು ಹಾಕಿದ ನಿಯಮ ಕೂತಿರುವುದು ಇನ್‌ಪುಟ್ ಸರಪಳಿಯಲ್ಲಿ (ಸರ್ವರ್‌ಗೇ ಬರುವ ಪ್ಯಾಕೆಟ್‌ಗಳದ್ದು). ಯುಎಫ್‌ಡಬ್ಲ್ಯೂ ಸ್ಟೇಟಸ್ ನೋಡಿದರೆ ಎಲ್ಲ ಭದ್ರ ಅಂತಲೇ ತೋರಿಸುತ್ತದೆ, ಕಿರಿಕಿರಿ ಅದೇ.

ಪೋರ್ಟ್ ಸರ್ವರ್‌ನೊಳಗೆ ಮಾತ್ರ ಸಿಗುವಂತೆ ಆ ಸಾಲನ್ನು "127.0.0.1:5432:5432" ಎಂದು ತಿದ್ದಿ ಕಂಟೇನರನ್ನು ಹೊಸದಾಗಿ ಎಬ್ಬಿಸಿ; ಬರೀ ರೀಸ್ಟಾರ್ಟ್ ಸಾಲದು. ಡೇಟಾಬೇಸನ್ನು ಪಕ್ಕದ ಕಂಟೇನರ್ ಮಾತ್ರ ಬಳಸುವುದಾದರೆ ಆ ಸಾಲೇ ಬೇಡ. ಆಮೇಲೆ ಹೊರಗಿನ ಯಂತ್ರದಿಂದ, ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್ ಓಡಿಸಿ ನೋಡಿ. ಸರ್ವರ್‌ನೊಳಗಿಂದ ನೋಡಿದರೆ ಲೂಪ್‌ಬ್ಯಾಕ್‌ನಲ್ಲಿ (ಅದೇ 127.0.0.1) ಪೋರ್ಟ್ ತೆರೆದಂತೆಯೇ ಕಾಣುತ್ತದೆ.